ಅವ್ವನ ಶುಗರ್ ದಿನಕ್ಕೊಂದು ತರಹ ಯಾಕೆ? ಮೊದಲು ಪಾದ ನೋಡಿ, ಆಮೇಲೆ ಸಿರಿಂಜ್ ನೋಡಿ

ಪ್ರಶ್ನೆ: ನಮ್ಮದು ಸೇಡಂ ತಾಲ್ಲೂಕಿನ ಹಳ್ಳಿ. ಅವ್ವನಿಗೆ 57 ವರ್ಷ. ಶುಗರ್, ಬಿಪಿ ಎರಡೂ ಇವೆ. ಎರಡು ತಿಂಗಳ ಹಿಂದೆ ಆಸ್ಪತ್ರೆಗೆ ಸೇರಿಸಿದ್ದಾಗ ಗುಳಿಗೆ ಜೊತೆಗೆ ಇನ್ಸುಲಿನ್ ಶುರು ಮಾಡಿದರು. 30/70 ಅಂತ ಬರೆದಿರುವ ಸೀಸೆ. ಬೆಳಗ್ಗೆ 22, ರಾತ್ರಿ 14 ಯೂನಿಟ್. ನಾನು ಇಲ್ಲವೇ ನನ್ನ ಹೆಂಡತಿ ಚುಚ್ಚುತ್ತೇವೆ. ಆದರೂ ಶುಗರ್ ಒಂದು ದಿನ 310, ಇನ್ನೊಂದು ದಿನ 64. ಮನೆಯಲ್ಲಿ ಫ್ರಿಜ್ ಇಲ್ಲ, ಸೀಸೆಯನ್ನು ಅಡುಗೆಮನೆ ಗೂಡಿನಲ್ಲಿ ಇಡುತ್ತೇವೆ. ಹತ್ತು ದಿನದ ಹಿಂದೆ ಹೊಲದಲ್ಲಿ ತೊಗರಿ ಕೂಳೆ ಚುಚ್ಚಿ ಅವ್ವನ ಅಂಗಾಲಿಗೆ ಗಾಯವಾಗಿದೆ. ನೋವಿಲ್ಲ ಅನ್ನುತ್ತಾಳೆ, ಅರಿಶಿನ ಹಚ್ಚುತ್ತಿದ್ದೇವೆ. ಇನ್ಸುಲಿನ್ ಅವಳಿಗೆ ಒಗ್ಗಿಲ್ಲ, ಕಿಡ್ನಿ ಹೋಗುತ್ತೆ, ನಿಲ್ಲಿಸಿಬಿಡಿ ಅಂತ ಊರಲ್ಲಿ ಹೇಳುತ್ತಾರೆ. ಏನು ಮಾಡಬೇಕು?

ಉತ್ತರ: ಇನ್ಸುಲಿನ್ ನಿಲ್ಲಿಸಬೇಡಿ. ಆದರೆ ಇನ್ಸುಲಿನ್‌ಗಿಂತ ಮೊದಲು ಗಾಯದ ಮಾತು ಆಡೋಣ, ಯಾಕೆಂದರೆ ಅದು ಕಾಯುವುದಿಲ್ಲ.

ಕೂಳೆ ಅಂಗಾಲಿಗೆ ಹೊಕ್ಕರೆ ಯಾರಾದರೂ ಚೀರಬೇಕು. ಹತ್ತು ದಿನವಾದರೂ ನಿಮ್ಮ ಅವ್ವನಿಗೆ ನೋವೇ ಇಲ್ಲ ಅಂದರೆ ಗಾಯ ಸಣ್ಣದು ಅಂತ ಅರ್ಥ ಮಾಡಿಕೊಳ್ಳಬೇಡಿ. ಬಹಳ ವರ್ಷ ಶುಗರ್ ಜಾಸ್ತಿ ಇದ್ದರೆ ಪಾದದ ನರಗಳು ಸ್ಪರ್ಶ ಕಳೆದುಕೊಳ್ಳುತ್ತವೆ. ನೋವಾಗುತ್ತಿದ್ದರೆ ಕುಂಟುತ್ತಾ ನಡೆದು ಆ ಜಾಗಕ್ಕೆ ಭಾರ ಬೀಳದಂತೆ ನೋಡಿಕೊಳ್ಳುತ್ತಿದ್ದರು. ನೋವಿಲ್ಲದ್ದಕ್ಕೆ ದಿನವಿಡೀ ಅದೇ ಗಾಯ ಊರಿಕೊಂಡು ಓಡಾಡುತ್ತಾರೆ. ಮೇಲೆ ಚರ್ಮ ಕೂಡಿದಂತೆ ಕಾಣುತ್ತದೆ, ಒಳಗೆ ಕೀವು ಎಲುಬಿನ ತನಕ ಇಳಿದಿರಬಹುದು. ಕಾಲು ಕಳೆದುಕೊಂಡವರಲ್ಲಿ ಎಷ್ಟೋ ಜನ ಶುರುವಿನಲ್ಲಿ ಹೇಳಿದ್ದು ಇದೇ ಮಾತು, "ನೋವು ಇಲ್ರೀ, ಸಣ್ಣ ಗಾಯ ಅದ."

ಆದ್ದರಿಂದ ಇವತ್ತೇ, ತಡ ಅಂದರೆ ನಾಳೆ, ಸೇಡಂ ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಕೂಳೆಯ ಚೂರು ಒಳಗೇ ಉಳಿದಿದೆಯಾ, ಗಾಯ ಎಷ್ಟು ಆಳ ಇದೆ ಅಂತ ಡಾಕ್ಟರ್ ನೋಡಬೇಕು. ಎಕ್ಸ್-ರೇ ಬೇಕಾಗಬಹುದು. ಟಿಟಿ ಇಂಜೆಕ್ಷನ್ ಬಗ್ಗೆ ನೀವೇ ಕೇಳಿ. ಕಾಲು ಊದಿದ್ದರೆ, ಕೆಂಪು ಮೇಲಕ್ಕೆ ಹಬ್ಬುತ್ತಿದ್ದರೆ, ವಾಸನೆ ಬಂದರೆ, ಬೆರಳಾಗಲಿ ಚರ್ಮವಾಗಲಿ ಕಪ್ಪಾಗಿದ್ದರೆ, ಇಲ್ಲವೇ ಜ್ವರ ಬಂದಿದ್ದರೆ ನಾಳೆಯ ತನಕವೂ ಕಾಯಬೇಡಿ. ಶಸ್ತ್ರಚಿಕಿತ್ಸೆ ಸೌಲಭ್ಯ ಇರುವ ಕಲಬುರಗಿಯ ದೊಡ್ಡ ಆಸ್ಪತ್ರೆಗೇ ನೇರ ಹೋಗಿ.

ಅಲ್ಲಿಯವರೆಗೆ ಅರಿಶಿನ ಬೇಡ. ಸುಣ್ಣ, ಬೂದಿ, ಗಿಡದ ರಸ ಯಾವುದೂ ಬೇಡ. ಅವು ಗಾಯದ ಮೇಲೆ ಪದರ ಕಟ್ಟಿದರೆ ಒಳಗೆ ಏನಾಗುತ್ತಿದೆ ಅಂತ ಯಾರಿಗೂ ಕಾಣುವುದಿಲ್ಲ. ಕುದಿಸಿ ಆರಿಸಿದ ನೀರಿನಲ್ಲಿ ತೊಳೆದು, ಸ್ವಚ್ಛ ಗಾಜ್ ಬಟ್ಟೆ ಇಟ್ಟು ಸಡಿಲವಾಗಿ ಕಟ್ಟಿ. ಹತ್ತಿಯನ್ನು ನೇರ ಗಾಯದ ಮೇಲೆ ಇಡಬೇಡಿ, ಎಳೆ ಅಂಟಿಕೊಳ್ಳುತ್ತದೆ. ಬಿಸಿನೀರಿನಲ್ಲಿ ಕಾಲು ನೆನೆಸುವುದಂತೂ ಬೇಡವೇ ಬೇಡ. ಸ್ಪರ್ಶ ಇಲ್ಲದ ಪಾದಕ್ಕೆ ನೀರು ಎಷ್ಟು ಸುಡುತ್ತಿದೆ ಅಂತ ತಿಳಿಯುವುದಿಲ್ಲ. ಎಲ್ಲಕ್ಕಿಂತ ಮುಖ್ಯ, ಆ ಪಾದದ ಮೇಲೆ ಭಾರ ಹಾಕಬಾರದು. ಎಷ್ಟು ಒಳ್ಳೆಯ ಔಷಧಿ ಕೊಟ್ಟರೂ ಊರಿ ನಡೆಯುತ್ತಿದ್ದರೆ ಗಾಯ ಮಾಯುವುದಿಲ್ಲ. ಹೊಲ ಕೆಲವು ವಾರ ಅವ್ವನಿಲ್ಲದೆ ನಡೆಯಬೇಕು. ಇದನ್ನು ಮನೆಯವರೆಲ್ಲ ಕೂತು ಅವರಿಗೆ ಹೇಳಿ. ಒಬ್ಬರು ಹೇಳಿದರೆ ಅವರು ಕೇಳುವುದಿಲ್ಲ ಅನ್ನುವುದು ನನಗೆ ಗೊತ್ತು.

ಈಗ ಶುಗರ್. ನಾನು ನರ್ಸ್. ಕಲಬುರಗಿಯಲ್ಲಿ ಮೆಡಿಸಿನ್ ವಾರ್ಡ್‌ನಿಂದ ಮನೆಗೆ ಹೊರಡುವವರಿಗೆ ಔಷಧಿ, ಆರೈಕೆ ಕಲಿಸಿಕೊಡುವುದು ನನ್ನ ಕೆಲಸ. ಡೋಸ್ ಎಷ್ಟಿರಬೇಕು ಅನ್ನುವುದು ಡಾಕ್ಟರ್ ಮಾತು, ಅದಕ್ಕೆ ನಾನು ಕೈ ಹಾಕುವುದಿಲ್ಲ. ಆದರೆ ಒಂದೇ ಡೋಸಿನಲ್ಲಿ 310 ಮತ್ತು 64 ಎರಡೂ ಬರುತ್ತಿವೆ ಅಂದರೆ ಬರೆದುಕೊಟ್ಟ ಡೋಸ್ ದಿನಾ ಅಷ್ಟೇ ಪ್ರಮಾಣದಲ್ಲಿ ಮೈಗೆ ಸೇರುತ್ತಿದೆಯಾ ಅಂತ ಮೊದಲು ನೋಡಬೇಕು. ಒಗ್ಗಿಲ್ಲ ಅನ್ನುವ ಮಾತು ಅದಾದ ಮೇಲೆ.

ಒಂದು ಲೆಕ್ಕ ಹಾಕಿ. ಸೀಸೆಯ ಮೇಲೆ 40 ಐಯು (ಐಯು ಅಂದರೆ ಯೂನಿಟ್) ಪ್ರತಿ ಎಂಎಲ್, 10 ಎಂಎಲ್ ಅಂತ ಇದ್ದರೆ ಅದರಲ್ಲಿ 400 ಯೂನಿಟ್ ಇರುತ್ತದೆ. ನಿಮ್ಮ ಅವ್ವನಿಗೆ ದಿನಕ್ಕೆ 22 ಮತ್ತು 14, ಒಟ್ಟು 36 ಯೂನಿಟ್. ಅಂದರೆ ಒಂದು ಸೀಸೆ ಹನ್ನೊಂದು ದಿನಕ್ಕೆ ಮುಗಿಯಬೇಕು. ಎರಡು ತಿಂಗಳಿಗೆ ಐದು ಸೀಸೆ ಖಾಲಿಯಾಗಿ ಆರನೆಯದು ನಡೆಯುತ್ತಿರಬೇಕು. ನಿಮ್ಮ ಮನೆಯಲ್ಲಿ ಎಷ್ಟು ಖಾಲಿಯಾಗಿವೆ? ಎರಡೋ ಮೂರೋ ಅಂದರೆ ಅವ್ವನಿಗೆ ಪೂರ್ತಿ ಡೋಸ್ ಸಿಕ್ಕೇ ಇಲ್ಲ.

ಹೀಗಾಗುವುದಕ್ಕೆ ನಾನು ಜಾಸ್ತಿ ನೋಡಿರುವ ಕಾರಣ ಸಿರಿಂಜ್. ಇನ್ಸುಲಿನ್ ಸಿರಿಂಜ್‌ನಲ್ಲಿ ಎರಡು ತರಹ. ಕೆಂಪು ಮುಚ್ಚಳದ್ದು ಯು-40, ಅದು 40 ಐಯು ಸೀಸೆಗೆ. ಕಿತ್ತಳೆ ಬಣ್ಣದ ಮುಚ್ಚಳದ್ದು ಯು-100, ಅದು 100 ಐಯು ಸೀಸೆಗೆ. ಎರಡರ ಮೇಲೂ ಗೆರೆ ಇವೆ, ಅಂಕಿ ಇವೆ, ನೋಡಲು ಒಂದೇ ಥರ. 40ರ ಸೀಸೆಯಿಂದ ಕಿತ್ತಳೆ ಮುಚ್ಚಳದ ಸಿರಿಂಜ್‌ನಲ್ಲಿ 22ರ ಗೆರೆಗೆ ಎಳೆದರೆ ಮೈಗೆ ಹೋಗುವುದು ಒಂಬತ್ತು ಯೂನಿಟ್ ಕೂಡ ಅಲ್ಲ. ಶುಗರ್ 300 ದಾಟುತ್ತದೆ. ಉಲ್ಟಾ ಆದರೆ ಇನ್ನೂ ಅಪಾಯ. 100ರ ಸೀಸೆಯಿಂದ ಕೆಂಪು ಸಿರಿಂಜ್‌ನಲ್ಲಿ 22ಕ್ಕೆ ಎಳೆದರೆ 55 ಯೂನಿಟ್ ಹೋಗುತ್ತದೆ, ಪ್ರಾಣಕ್ಕೇ ಕುತ್ತು. ಮೆಡಿಕಲ್‌ನಲ್ಲಿ "ಇನ್ಸುಲಿನ್ ಸೂಜಿ ಕೊಡ್ರಿ" ಅಂತ ಕೇಳಿದರೆ ಅವತ್ತು ಯಾವುದು ಇದೆಯೋ ಅದು ಕೈಗೆ ಬರುತ್ತದೆ. ಒಂದು ವಾರ ಕೆಂಪು, ಇನ್ನೊಂದು ವಾರ ಕಿತ್ತಳೆ. ಶುಗರ್ ದಿನಕ್ಕೊಂದು ತರಹ ಆಗದೆ ಇನ್ನೇನು? ಖಾಲಿ ಸೀಸೆ ಜೊತೆಗೇ ತೆಗೆದುಕೊಂಡು ಹೋಗಿ, ಅದರ ಮೇಲಿನ 40 ಇಲ್ಲವೇ 100 ಅನ್ನುವ ಅಂಕಿಯೂ ಸಿರಿಂಜ್ ಮೇಲಿನ ಯು-40 ಇಲ್ಲವೇ ಯು-100 ಅನ್ನುವ ಅಂಕಿಯೂ ಒಂದೇ ಇದೆಯಾ ಅಂತ ಅಂಗಡಿಯಲ್ಲೇ ನೋಡಿ.

ಇಷ್ಟು ದಿನ ತಪ್ಪು ಸಿರಿಂಜ್ ಬಳಸಿದ್ದೇವೆ ಅಂತ ಗೊತ್ತಾದರೆ ಗಾಬರಿಯಾಗಬೇಡಿ. ಆದರೆ ಡಾಕ್ಟರಿಗೆ ತಿಳಿಸದೆ ಸುಮ್ನೆ ಸರಿ ಸಿರಿಂಜ್‌ಗೆ ಬದಲಾಯಿಸಲೂ ಬೇಡಿ. ನಡುವೆ ಯಾರಾದರೂ ಶುಗರ್ ನೋಡಿ ಡೋಸ್ ಏರಿಸಿದ್ದರೆ, ಸಿರಿಂಜ್ ಸರಿಯಾದ ಕೂಡಲೇ ಶುಗರ್ ಧಡ್ ಅಂತ ಕೆಳಗೆ ಬೀಳುತ್ತದೆ. ಅವತ್ತೇ ಫೋನ್ ಮಾಡಿ ಕೇಳಿಕೊಂಡು ಬದಲಾಯಿಸಿ. ಮುಂದಿನ ಒಂದು ವಾರ ತಿಂಡಿಗೆ ಮುಂಚೆ, ರಾತ್ರಿ ಊಟಕ್ಕೆ ಮುಂಚೆ, ಮಲಗುವಾಗ ಮೂರೂ ಹೊತ್ತು ನೋಡಿ ಬರೆದಿಡಿ.

ಎರಡನೆಯದು ಹೊಟ್ಟೆ. ಅವ್ವನ ಹೊಟ್ಟೆ, ತೊಡೆ ಮೇಲೆ ಕೈಯಾಡಿಸಿ ನೋಡಿ. ದಿನಾ ಒಂದೇ ಕಡೆ ಚುಚ್ಚುತ್ತಿದ್ದರೆ ಅಲ್ಲಿ ಗಟ್ಟಿ ಗಂಟು ಬೆಳೆಯುತ್ತದೆ. ಅಲ್ಲಿ ಚುಚ್ಚಿದರೆ ನೋವು ಕಡಿಮೆ, ಹಾಗಾಗಿ "ಇಲ್ಲೇ ಚುಚ್ಚು" ಅಂತ ಅವರೇ ತೋರಿಸುತ್ತಾರೆ. ಆ ಗಂಟಿನಿಂದ ಇನ್ಸುಲಿನ್ ಒಂದು ದಿನ ಬೇಗ, ಒಂದು ದಿನ ತಡವಾಗಿ ರಕ್ತಕ್ಕೆ ಇಳಿಯುತ್ತದೆ. ಹೊಕ್ಕುಳಿನಿಂದ ಮೂರು ಬೆರಳು ಬಿಟ್ಟು, ದಿನಾ ಜಾಗ ಬದಲಿಸುತ್ತಾ, ಹಿಂದಿನ ಚುಚ್ಚಿನಿಂದ ಒಂದು ಬೆರಳು ದೂರ ಚುಚ್ಚಿ. ಗಂಟು ಸಿಕ್ಕಿದರೆ ಅದನ್ನು ಬಿಟ್ಟು ಹೊಸ ಜಾಗಕ್ಕೆ ಹೋಗಿ. ಆಗಲೂ ಶುಗರ್ ಇಳಿಯಬಹುದು, ಡಾಕ್ಟರಿಗೆ ಹೇಳಿಯೇ ಮಾಡಿ. ಸೂಜಿ ಒಂದು ಸಲಕ್ಕೆ ಮಾತ್ರ. ಬಳಸಿದ್ದನ್ನು ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ ಮುಚ್ಚಳ ಬಿಗಿದು ಆರೋಗ್ಯ ಕೇಂದ್ರಕ್ಕೆ ಕೊಡಿ. ತಿಪ್ಪೆಗೆ ಎಸೆದರೆ ಮಕ್ಕಳ ಕಾಲಿಗೆ ಚುಚ್ಚುತ್ತದೆ.

30/70 ಅಂದರೆ ಬೇಗ ಕೆಲಸ ಮಾಡುವ ಇನ್ಸುಲಿನ್ 30 ಪಾಲು, ನಿಧಾನಕ್ಕೆ ಕೆಲಸ ಮಾಡುವುದು 70 ಪಾಲು ಸೇರಿದ್ದು. ಅದು ಹಾಲಿನ ಹಾಗೆ ಮಬ್ಬಾಗಿರುತ್ತದೆ. ಇಟ್ಟಲ್ಲಿ ಬಿಳಿ ಪುಡಿ ತಳಕ್ಕೆ ಇಳಿಯುತ್ತದೆ. ಕಲಸದೆ ಎಳೆದರೆ ಒಂದು ದಿನ ಬರೀ ತಿಳಿ, ಇನ್ನೊಂದು ದಿನ ಬರೀ ಗಟ್ಟಿ ಬರುತ್ತದೆ. ಎರಡು ಅಂಗೈ ನಡುವೆ ಹತ್ತು ಸಲ ಮೆಲ್ಲಗೆ ಉರುಳಿಸಿ, ಹತ್ತು ಸಲ ತಲೆಕೆಳಗು ಮಾಡಿ. ಜೋರಾಗಿ ಕುಲುಕಬೇಡಿ. ಚುಚ್ಚಿದ ಅರ್ಧ ಗಂಟೆಗೆ ಊಟ ಆಗಬೇಕು. ಬೆಳಗ್ಗೆ ಏಳಕ್ಕೆ ಚುಚ್ಚಿಸಿಕೊಂಡು, ದನ ಕಟ್ಟಿ, ಬುತ್ತಿ ಕಟ್ಟಿ, ಹತ್ತಕ್ಕೆ ರೊಟ್ಟಿ ತಿಂದರೆ 64 ಬರುವುದು ಸಹಜ ಅಲ್ವಾ? ರೊಟ್ಟಿ ಹಂಚಿನ ಮೇಲೆ ಬಿದ್ದಾಗ ಚುಚ್ಚಿ.

ಗೂಡಿನ ವಿಷಯಕ್ಕೆ ಬರೋಣ. ಸೇಡಂ, ಚಿತ್ತಾಪುರ, ಶಹಾಬಾದ್ ಕಡೆ ಮನೆಗೆ ಕಲ್ಲು ಹಾಸಿ, ಎಷ್ಟೋ ಕಡೆ ಮೇಲೂ ಕಲ್ಲೇ ಹೊದಿಸಿರುತ್ತಾರೆ. ಏಪ್ರಿಲ್, ಮೇನಲ್ಲಿ ಹೊರಗೆ 40 ಡಿಗ್ರಿ ದಾಟುತ್ತದೆ. ಆ ಕಲ್ಲು ಹಗಲೆಲ್ಲ ಕಾಯ್ದು ರಾತ್ರಿ ಒಳಗೆ ಬಿಸಿ ಬಿಡುತ್ತದೆ. ಅದರ ಮೇಲೆ ಒಲೆಯ ಶಾಖ. ಇನ್ಸುಲಿನ್‌ಗೆ ಮನೆಯಲ್ಲಿ ಅಡುಗೆಮನೆ ಗೂಡಿಗಿಂತ ಕೆಟ್ಟ ಜಾಗ ಇನ್ನೊಂದಿಲ್ಲ. ಬಿಸಿಗೆ ಕೆಟ್ಟ ಇನ್ಸುಲಿನ್ ಕಣ್ಣಿಗೆ ಚೆನ್ನಾಗಿಯೇ ಕಾಣಬಹುದು, ಕೆಲಸ ಮಾತ್ರ ಮಾಡುವುದಿಲ್ಲ. ಕಲಸಿದ ಮೇಲೂ ಗಂಟು ಉಳಿದರೆ, ಸೀಸೆ ಒಳಗೋಡೆಗೆ ಬಿಳಿ ಚೂರು ಅಂಟಿಕೊಂಡಿದ್ದರೆ ಅದನ್ನು ಬಳಸಲೇಬೇಡಿ.

ತೆರೆಯದ ಸೀಸೆಗೆ 2ರಿಂದ 8 ಡಿಗ್ರಿ ಬೇಕು, ಅಂದರೆ ಫ್ರಿಜ್. ನಿಮ್ಮಲ್ಲಿ ಇಲ್ಲವಾದ್ದರಿಂದ ಒಂದೊಂದೇ ಸೀಸೆ ತನ್ನಿ, ಇಲ್ಲವೇ ಫ್ರಿಜ್ ಇರುವ ನೆಂಟರ ಮನೆಯಲ್ಲಿ ಇಡಿ. ಫ್ರೀಜರ್‌ನಲ್ಲಿ ಮಾತ್ರ ಇಡಬಾರದು, ಒಮ್ಮೆ ಹೆಪ್ಪುಗಟ್ಟಿದ್ದು ಕರಗಿದರೂ ಕೆಲಸಕ್ಕೆ ಬರುವುದಿಲ್ಲ. ಬಳಸುತ್ತಿರುವ ಸೀಸೆ ಸಾಮಾನ್ಯವಾಗಿ 25ರಿಂದ 30 ಡಿಗ್ರಿಯೊಳಗೆ ನಾಲ್ಕು ವಾರ ಬಾಳುತ್ತದೆ. ನಿಮ್ಮದು ಹನ್ನೊಂದು ದಿನಕ್ಕೇ ಮುಗಿಯುವುದರಿಂದ ಚಿಂತೆ ಇಲ್ಲ, ತಂಪು ಮಾತ್ರ ಬೇಕು. ಅದಕ್ಕೆ ಮಣ್ಣಿನ ಗಡಿಗೆ ಸಾಕು. ದೊಡ್ಡ ಗಡಿಗೆಯಲ್ಲಿ ಮರಳು ಹಾಕಿ, ಅದರೊಳಗೆ ಸಣ್ಣ ಗಡಿಗೆ ಕೂರಿಸಿ. ಮರಳಿಗೆ ಬೆಳಗ್ಗೆ ಸಂಜೆ ನೀರು ಚಿಮುಕಿಸಿ. ಸೀಸೆಯನ್ನು ಬಿಗಿ ಮುಚ್ಚಳದ ಒಣ ಡಬ್ಬಿಯಲ್ಲಿ ಹಾಕಿ ಸಣ್ಣ ಗಡಿಗೆಯೊಳಗೆ ಇಟ್ಟು ಒದ್ದೆ ಬಟ್ಟೆ ಮುಚ್ಚಿ. ಗಾಳಿ ಆಡುವ, ಬಿಸಿಲು ಬೀಳದ ಮೂಲೆಯಲ್ಲಿ, ಒಲೆಯಿಂದ ದೂರ ನೆಲದ ಮೇಲೆ ಇಡಿ. ನೀರು ಆರುವಾಗ ಶಾಖ ಎಳೆದುಕೊಳ್ಳುತ್ತದೆ. ಗಾಳಿ ಒಣಗಿದ್ದಷ್ಟೂ ಬೇಗ ಆರುತ್ತದೆ, ಆದ್ದರಿಂದ ನಮ್ಮ ಕಡೆಯ ಒಣ ಬೇಸಿಗೆಯಲ್ಲಿ ಈ ಉಪಾಯ ಚೆನ್ನಾಗಿ ನಡೆಯುತ್ತದೆ. ಶುಗರ್ ನೋಡುವ ಪಟ್ಟಿಗಳೂ ಬಿಸಿಗೆ, ತೇವಕ್ಕೆ ಕೆಡುತ್ತವೆ. ಅವನ್ನು ಗಡಿಗೆಯಲ್ಲಿ ಇಡಬೇಡಿ. ಅವುಗಳ ಡಬ್ಬಿ ಮುಚ್ಚಿ ಒಣ ಜಾಗದಲ್ಲಿಡಿ. ಬೆರಳು ತೊಳೆದು ಒರೆಸಿಕೊಂಡೇ ಚುಚ್ಚಿ. ಬೆಲ್ಲ ಮುಟ್ಟಿದ ಬೆರಳಿನಲ್ಲಿ ನೋಡಿದರೆ ಇಲ್ಲದ ಶುಗರ್ ತೋರಿಸುತ್ತದೆ.

64 ಬಂದ ದಿನ ಏನು ಮಾಡಿದಿರಿ ಅಂತ ನೀವು ಬರೆದಿಲ್ಲ. 70ಕ್ಕಿಂತ ಕೆಳಗೆ ಇಳಿದರೆ, ಇಲ್ಲವೇ ಮೈ ಬೆವರಿ, ಕೈ ನಡುಗಿ, ಎದೆ ಹೊಡೆದುಕೊಂಡು, ಮಾತು ತೊದಲಿದರೆ ಮೂರು ಚಮಚ ಸಕ್ಕರೆ ನೀರಿನಲ್ಲಿ ಕಲಸಿ ಕುಡಿಸಿ. ಹದಿನೈದು ನಿಮಿಷಕ್ಕೆ ಮತ್ತೆ ನೋಡಿ, ಏರದಿದ್ದರೆ ಇನ್ನೊಮ್ಮೆ ಕೊಡಿ. ಏರಿದ ಮೇಲೆ ರೊಟ್ಟಿಯೋ ಅನ್ನವೋ ತಿನ್ನಿಸಿ. ಮೊದಲೇ ರೊಟ್ಟಿ ಕೊಡಬೇಡಿ, ಅದು ರಕ್ತಕ್ಕೆ ಇಳಿಯಲು ಬಹಳ ಹೊತ್ತು ಬೇಕು. ಪ್ರಜ್ಞೆ ಇಲ್ಲದಿದ್ದರೆ ಬಾಯಿಗೆ ಒಂದು ಹನಿಯೂ ಹಾಕಬಾರದು, ಉಸಿರಿನ ನಾಳಕ್ಕೆ ಹೋಗುತ್ತದೆ. ಮಗ್ಗುಲಾಗಿ ಮಲಗಿಸಿ 108ಕ್ಕೆ ಫೋನ್ ಮಾಡಿ. ಅವ್ವ ಹೊಲಕ್ಕೆ ಹೋಗುವಾಗ ಸೆರಗಿನ ಗಂಟಿನಲ್ಲಿ ಸಕ್ಕರೆ ಪುಡಿಕೆ ಇರಲೇಬೇಕು. ಜೊತೆಗೆ ಹೋಗುವವರಿಗೂ ಇದೆಲ್ಲ ಗೊತ್ತಿರಬೇಕು.

ಊಟದ ಬಗ್ಗೆ ನೀವು ಕೇಳಿಲ್ಲ, ಆದರೂ ಒಂದು ಮಾತು. ಜೋಳದ ರೊಟ್ಟಿ ತಿಂದರೆ ಶುಗರ್ ಏರಲ್ಲ ಅನ್ನುವ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಜೋಳದಲ್ಲಿ ನಾರಿದೆ, ಒಳ್ಳೆಯದೇ. ಆದರೆ ಅದೂ ಪಿಷ್ಟವೇ, ಲೆಕ್ಕ ಇಟ್ಟೇ ತಿನ್ನಬೇಕು. ಒಂದು ದಿನ ಎರಡು, ಇನ್ನೊಂದು ದಿನ ನಾಲ್ಕು ಆದರೆ ಇನ್ಸುಲಿನ್ ಒಂದೇ ಇದ್ದರೂ ಶುಗರ್ ಏರಿಳಿಯುತ್ತದೆ. ಪುಂಡಿ ಪಲ್ಯ, ಬೇಳೆ, ಮೊಳಕೆ ಕಾಳು ಜಾಸ್ತಿ ಮಾಡಿ. ಚುರುಮುರಿ ಸುಸಲಾ ಹಗುರ ಅನ್ನಿಸುತ್ತದೆ, ಶುಗರ್ ಮಾತ್ರ ಬೇಗ ಏರಿಸುತ್ತದೆ. ಶ್ರಾವಣ ಸೋಮವಾರ, ಏಕಾದಶಿ ಉಪವಾಸ ಇರುವುದಾದರೆ ಮೊದಲೇ ಡಾಕ್ಟರ್ ಹತ್ತಿರ ಡೋಸ್ ಕೇಳಿಕೊಳ್ಳಿ. ಉಪವಾಸದಲ್ಲಿ 70ರ ಕೆಳಗೆ ಇಳಿದರೆ ಅಥವಾ 300 ದಾಟಿದರೆ ಅಲ್ಲಿಗೇ ಮುರಿಯಬೇಕು. ರೋಜಾ ಹಿಡಿಯುವವರಿಗೂ ಇದೇ ನಿಯಮ.

ಗಾಯ ಮಾಯ್ದ ಮೇಲೂ ಆ ಪಾದ ಮೊದಲಿನ ಪಾದವಲ್ಲ. ರಾತ್ರಿ ಮಲಗುವ ಮುಂಚೆ ನೀವೋ ಸೊಸೆಯೋ ಎರಡೂ ಅಂಗಾಲು, ಬೆರಳ ಸಂದು ನೋಡಬೇಕು. ಹೊಲಕ್ಕೆ ಹಿಮ್ಮಡಿಗೆ ಪಟ್ಟಿ ಇರುವ, ದಪ್ಪ ತಳದ ಚಪ್ಪಲಿ ಬೇಕು. ಕೂಳೆ ಹೊಲಕ್ಕೆ ಅದೂ ಸಾಲದು, ಮುಚ್ಚಿದ ಬೂಟೇ ಬೇಕು. ಹಾಕಿಕೊಳ್ಳುವ ಮುಂಚೆ ಕೊಡವಿ, ಒಳಗೆ ಕೈಯಾಡಿಸಿ ಜಾಲಿಮುಳ್ಳು ಇದೆಯಾ ನೋಡಿ. ಶರಣಬಸವೇಶ್ವರ ಗುಡಿ, ಗಾಣಗಾಪುರ, ಬಂದೇ ನವಾಜ್ ದರ್ಗಾ ಎಲ್ಲಿಗೆ ಹೋದರೂ ಚಪ್ಪಲಿ ಹೊರಗೇ ಬಿಡಬೇಕು. ನಡು ಮಧ್ಯಾಹ್ನ ಆ ಕಲ್ಲಿನ ಅಂಗಳ ಕಾಯ್ದ ಹಂಚು. ಸ್ಪರ್ಶ ಇದ್ದವರು ಓಡಿ ನೆರಳಿಗೆ ಹೋಗುತ್ತಾರೆ, ಅವ್ವ ನಿಧಾನಕ್ಕೆ ಪ್ರದಕ್ಷಿಣೆ ಹಾಕುತ್ತಾರೆ, ಸಂಜೆ ಬೊಬ್ಬೆ ಎದ್ದಿರುತ್ತದೆ. ಬೆಳಗಿನ ಜಾವ ಕರೆದುಕೊಂಡು ಹೋಗಿ, ದಪ್ಪ ಕಾಟನ್ ಸಾಕ್ಸ್ ಹಾಕಿಸಿ.

ಇಷ್ಟನ್ನೂ ಹೆಂಡತಿಗೆ ಹೇಳಿ "ತಿಳೀತಾ?" ಅಂತ ಕೇಳಬೇಡಿ. ನಮ್ಮ ಕಡೆ ಯಾರೂ ತಿಳಿಯಲಿಲ್ಲ ಅನ್ನುವುದಿಲ್ಲ. "ಹೂಂ ರೀ, ತಿಳೀತ್ರಿ" ಅಂತಾರೆ. ಹಾಗಾಗಿ ವಾರ್ಡ್‌ನಲ್ಲಿ ನಾನು ಸಿರಿಂಜ್ ಕೈಗೆ ಕೊಟ್ಟು "ಮಾಡಿ ತೋರಿಸಿ" ಅನ್ನುತ್ತೇನೆ. ಒಬ್ಬ ಸೊಸೆ ಪ್ರತಿ ಹೆಜ್ಜೆಯನ್ನೂ ಬಾಯಲ್ಲಿ ಸರಿಯಾಗಿ ಹೇಳಿದ್ದಳು. ಕೈಗೆ ಕೊಟ್ಟಾಗ, ಸಿರಿಂಜ್ ಒಳಗಿನ ಕಪ್ಪು ರಬ್ಬರ್ ಇರುತ್ತದಲ್ಲ, ಅದರ ಹಿಂದಿನ ಅಂಚನ್ನು ಗೆರೆಗೆ ಹೊಂದಿಸಿದಳು. ಹೊಂದಿಸಬೇಕಾದ್ದು ಸೂಜಿ ಕಡೆಯ ಅಂಚನ್ನು. ಬಾಯಿಮಾತಿನಲ್ಲಿ ಅದು ಯಾವತ್ತೂ ಹೊರಗೆ ಬರುತ್ತಿರಲಿಲ್ಲ. ಇನ್ನೊಂದು, ಎಷ್ಟು ಯೂನಿಟ್ ಬೇಕೋ ಅಷ್ಟು ಗಾಳಿಯನ್ನು ಮೊದಲು ಸೀಸೆಗೆ ತಳ್ಳಬೇಕು. ಇಲ್ಲದಿದ್ದರೆ ಎಳೆಯುವುದು ಕಷ್ಟ, ಗುಳ್ಳೆ ಬರುತ್ತದೆ, ಗುಳ್ಳೆ ಇದ್ದಷ್ಟು ಔಷಧಿ ಕಡಿಮೆ. ನಿಮ್ಮ ಆರೋಗ್ಯ ಕೇಂದ್ರದ ಸಿಸ್ಟರ್ ಎದುರಿಗೆ ನೀವಿಬ್ಬರೂ ಒಂದೊಂದು ಸಲ ಎಳೆದು ತೋರಿಸಿ. ನಾಚಿಕೆ ಬೇಡ, ಅವರಿಗೂ ಖುಷಿಯಾಗುತ್ತದೆ.

ಇನ್ನು ಕಿಡ್ನಿ. ಕಿಡ್ನಿ ಹಾಳುಮಾಡುವುದು ವರ್ಷಗಟ್ಟಲೆ ಏರಿದ ಶುಗರ್ ಮತ್ತು ಬಿಪಿ. ಇನ್ಸುಲಿನ್ ಅಲ್ಲ. ಕಿಡ್ನಿ ಸೋತವರಿಗೆ ಗುಳಿಗೆ ಬಿಡಿಸಿ ಇನ್ಸುಲಿನ್ ಕೊಡುವುದುಂಟು. ಅದನ್ನು ನೋಡಿದ ಜನ ಇನ್ಸುಲಿನ್‌ನಿಂದಲೇ ಹಾಗಾಯಿತು ಅಂದುಕೊಳ್ಳುತ್ತಾರೆ. ನಿಮ್ಮ ಊರವರು ಹೆದರಬೇಕಾದ್ದು ಮೈಕೈ ನೋವಿಗೆ ಅಂಗಡಿಯಿಂದ ಕೇಳಿ ತರುವ ಗುಳಿಗೆಗೆ. ಡೈಕ್ಲೋಫೆನಾಕ್, ಐಬುಪ್ರೊಫೇನ್ ತರಹದವನ್ನು ಶುಗರ್, ಬಿಪಿ ಇರುವವರು ಬೇಸಿಗೆಯಲ್ಲಿ ನೀರು ಕಡಿಮೆ ಕುಡಿದು ನುಂಗಿದರೆ ಕಿಡ್ನಿಗೆ ನೇರ ಪೆಟ್ಟು. ಆದರೆ ಒಂದು ವಿಷಯ ಡಾಕ್ಟರ್ ಹತ್ತಿರ ಕೇಳಲೇಬೇಕು. ಕಿಡ್ನಿ ಕೆಲಸ ಕಡಿಮೆಯಾದರೆ ಇನ್ಸುಲಿನ್ ಮೈಯಲ್ಲಿ ಜಾಸ್ತಿ ಹೊತ್ತು ಉಳಿಯುತ್ತದೆ, ಅದೇ ಡೋಸಿಗೆ ಶುಗರ್ ಕುಸಿಯುತ್ತದೆ. 64ಕ್ಕೆ ಅದೂ ಕಾರಣ ಇರಬಹುದು.

ಹಾಗಾಗಿ ಗಾಯ ತೋರಿಸಲು ಹೋದಾಗಲೇ ಕಿಡ್ನಿ ಹೇಗಿದೆ ಅಂತ ತಿಳಿಸುವ ರಕ್ತದ ಕ್ರಿಯಾಟಿನಿನ್, ಮೂತ್ರದ ಆಲ್ಬುಮಿನ್, ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಮಾಡಿಸಿ. ಕಣ್ಣಿನ ಪರದೆ ತಪಾಸಣೆ ಒಂದು ವರ್ಷದಿಂದ ಆಗಿಲ್ಲದಿದ್ದರೆ ಅದನ್ನೂ ಕೇಳಿ. ತಾಲ್ಲೂಕು ಆಸ್ಪತ್ರೆಯ ಎನ್‌ಸಿಡಿ (ಒಬ್ಬರಿಂದೊಬ್ಬರಿಗೆ ಹರಡದ ಕಾಯಿಲೆಗಳ) ಕ್ಲಿನಿಕ್‌ನಲ್ಲಿ ಶುಗರ್, ಬಿಪಿ ನೋಡಿ ಗುಳಿಗೆ ಉಚಿತವಾಗಿ ಕೊಡುತ್ತಾರೆ, ಅಲ್ಲಿ ಹೆಸರು ಬರೆಸಿ. ಹೋಗುವಾಗ ಬರೀ ಚೀಟಿ ಒಯ್ಯಬೇಡಿ. ಸೀಸೆ, ಬಳಸುವ ಸಿರಿಂಜ್, ಎಲ್ಲ ಗುಳಿಗೆಗಳ ಸ್ಟ್ರಿಪ್, ಅಂಗಡಿಯಿಂದ ತಂದ ನೋವಿನ ಗುಳಿಗೆ, ಶುಗರ್ ಬರೆದ ಹಾಳೆ ಎಲ್ಲ ಒಂದೇ ಚೀಲದಲ್ಲಿ ತುಂಬಿಕೊಂಡು ಹೋಗಿ ಟೇಬಲ್ ಮೇಲೆ ಸುರಿಯಿರಿ. ಅವ್ವನ ಎರಡೂ ಕಾಲಿನ ಚಪ್ಪಲಿ ಬಿಚ್ಚಿಸಿ, ಗಾಯ ಇಲ್ಲದ ಪಾದವನ್ನೂ ನೋಡಿ ಅಂತ ಡಾಕ್ಟರಿಗೆ ಹೇಳಿ.